ವೃದ್ಧರ ಮನೋರೋಗ: ಮಿದುಳಿನ ಚಿತ್ರವೂ ಆಸ್ಪತ್ರೆಯ ದಾಖಲೆಯೂ

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಕನ್ನಡ ನಾಡಿನಲ್ಲಿ ಎಲ್ಲರಿಗೂ ತಿಳಿದುದೇ ಆಗಿದೆ. ವಯಸ್ಸಾದವರು ಹೆಸರುಗಳನ್ನು ಮರೆಯುವುದು, ಆಡಿದ ಮಾತನ್ನೇ ಮತ್ತೆ ಆಡುವುದು, ಅನ್ನ ನಿದ್ರೆಗಳನ್ನು ಬಿಟ್ಟು ಗೋಡೆಗೆ ಮುಖಮಾಡಿ ಕುಳಿತುಬಿಡುವುದು, ಮನೆಯವರೇ ತಮಗೆ ವಿಷವಿಕ್ಕುತ್ತಿರುವರೆಂದು ಶಂಕಿಸುವುದು, ಇವೆಲ್ಲಕ್ಕೂ ಈ ಒಂದೇ ಮಾತು ಸಾಕೆಂಬ ಭಾವನೆ ಜನರಲ್ಲಿ ಬೇರೂರಿದೆ. ಇದಕ್ಕಾಗಿ ಗಾದೆಯನ್ನು ದೂರುವುದು ನ್ಯಾಯವಲ್ಲ. ಯೂರೋಪಿನ ವೈದ್ಯಶಾಸ್ತ್ರವೂ 20ನೆಯ ಶತಮಾನದ ನಡುವಿನವರೆಗೆ ಇದಕ್ಕಿಂತ ಹೆಚ್ಚಿನದೇನನ್ನೂ ಹೇಳುತ್ತಿರಲಿಲ್ಲ. ಅಲ್ಲಿ 'ಸೆನೈಲ್' ಎಂಬ ವಿಶೇಷಣ ಗಾದೆಯ ಕೆಲಸವನ್ನೇ ಮಾಡುತ್ತಿದ್ದಿತು. ರೋಗಿಯ ಹೆಸರಿನ ಮುಂದೆ ಅದನ್ನು ಬರೆದಮೇಲೆ ಚಿಕಿತ್ಸೆಯ ಪ್ರಶ್ನೆ ಬಹುಮಟ್ಟಿಗೆ ಮುಗಿದಂತೆಯೇ.

ಈ ಸ್ಥಿತಿ ಹೇಗೆ ಬದಲಾಯಿತೆಂಬುದನ್ನು ವಿವರಿಸುವವರು ಸಾಮಾನ್ಯವಾಗಿ ಯಂತ್ರಗಳ ಕಥೆಯನ್ನು ಹೇಳುತ್ತಾರೆ. ಜೀವಂತ ಮಿದುಳನ್ನು ಕಾಣಿಸುವ ಯಂತ್ರಗಳು ಬಂದುವು, ಅದಕ್ಕೆ ವಿದ್ಯುತ್ತನ್ನೂ ಕಾಂತಶಕ್ತಿಯನ್ನೂ ಹಾಯಿಸುವ ಯಂತ್ರಗಳು ಬಂದುವು, ಅದರಿಂದ ವೃದ್ಧರ ಮನೋರೋಗಗಳು ಅರ್ಥವಾದುವು ಎಂಬುದು ಆ ಕಥೆಯ ಸಾರ. ನಾವು ಈ ಲೇಖನದಲ್ಲಿ ಇದನ್ನು ಪರಿಶೀಲನೆಗೆ ಒಳಪಡಿಸಬೇಕೆಂದಿದ್ದೇವೆ. ವೈದ್ಯರ ಕ್ಷೇತ್ರದಲ್ಲಿ ಇತಿಹಾಸದ ಅಧ್ಯಾಪಕರಿಗೇನು ಕೆಲಸವೆಂದು ವಾಚಕರು ಕೇಳಬಹುದು. ನಿರ್ಣಾಯಕವಾದ ಹೆಜ್ಜೆಯನ್ನಿಟ್ಟದ್ದು ಯಂತ್ರವಲ್ಲ, ಹಳೆಯ ಆಸ್ಪತ್ರೆಯೊಂದರ ದಾಖಲೆ ಪುಸ್ತಕ ಎಂಬುದೇ ನಮ್ಮ ಉತ್ತರ.

1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ 51 ವರ್ಷ ವಯಸ್ಸಿನ ಹೆಂಗಸೊಬ್ಬಳನ್ನು ಕರೆತಂದರು. ಆಕೆಯನ್ನು ಪರೀಕ್ಷಿಸಿದ ವೈದ್ಯ ಆಲೋಯಿಸ್ ಆಲ್‌ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆತನು ಮಿದುಳನ್ನು ತರಿಸಿಕೊಂಡು, ಬೆಳ್ಳಿಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ನರಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳೂ ಹೊರಗೆ ಗಂಟುಗಳಂಥ ಕಲೆಗಳೂ ಕಂಡುಬಂದುವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್‌ನ ಸಭೆಯಲ್ಲಿ ಇದನ್ನು ವಿವರಿಸಿದನು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಇದಕ್ಕೆ 'ಆಲ್‌ಝೈಮರ್ ರೋಗ'ವೆಂದು ಹೆಸರಿಟ್ಟನು. ಆದರೆ ಆ ಹೆಸರು ವೃದ್ಧಾಪ್ಯಕ್ಕೆ ಮೊದಲೇ ಬರುವ ಬುದ್ಧಿಕ್ಷಯಕ್ಕೆ ಮಾತ್ರ ಸಂದಿತು ಎಂಬುದನ್ನು ಗಮನಿಸಬೇಕು. ಮುದುಕರ ಬುದ್ಧಿಕ್ಷಯ ಮೊದಲಿನಂತೆಯೇ ವಯೋಧರ್ಮದ ಲೆಕ್ಕಕ್ಕೆ ಹೋಯಿತು.

ಮಿದುಳನ್ನು ನೋಡಬೇಕಾದರೆ ರೋಗಿ ಸಾಯುವುದನ್ನು ಕಾಯಬೇಕು ಎಂಬ ನಿರ್ಬಂಧವನ್ನು ಮೊದಲು ಮುರಿದವನು ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ. ಕ್ಷ-ಕಿರಣದಲ್ಲಿ ತಲೆಬುರುಡೆ ಕಾಣುತ್ತದೆ, ಮಿದುಳು ಕಾಣುವುದಿಲ್ಲ. 1918-19ರಲ್ಲಿ ಡ್ಯಾಂಡಿ ಮಿದುಳಿನ ದ್ರವವನ್ನು ತೆಗೆದು ಅದರ ಸ್ಥಳಕ್ಕೆ ಗಾಳಿಯನ್ನು ತುಂಬಿದನು. ಗಾಳಿ ಮಿದುಳಿನೊಳಗಿನ ಕುಹರಗಳನ್ನು ಸೇರಿ ಕ್ಷ-ಕಿರಣ ಚಿತ್ರದಲ್ಲಿ ಅವುಗಳ ಆಕಾರವನ್ನು ತೋರಿಸಿತು. ಬೆನ್ನುಹುರಿಯ ಕೆಳಭಾಗಕ್ಕೆ ಸೂಜಿ ಚುಚ್ಚಿ ಗಾಳಿಯನ್ನು ಮೇಲಕ್ಕೆ ಕಳುಹಿಸುವ ವಿಧಾನ ಬೇಗ ಹರಡಿ, ಸುಮಾರು ಅರ್ಧ ಶತಮಾನ ಬಳಕೆಯಲ್ಲಿದ್ದಿತು. ಇದು ರೋಗಿಗೆ ಕ್ರೂರವಾದ ಪರೀಕ್ಷೆ. ತಲೆ ಸಿಡಿಯುವಂಥ ನೋವು, ವಾಂತಿ, ಕೆಲವೊಮ್ಮೆ ದಿನಗಟ್ಟಲೆ ಹಾಸಿಗೆ. ವೃದ್ಧರನ್ನು ಇದಕ್ಕೆ ಗುರಿಮಾಡುವುದಕ್ಕೆ ವೈದ್ಯರು ಹಿಂಜರಿಯುತ್ತಿದ್ದುದು ಸಹಜವೇ. ಗುರಿಮಾಡಿದಾಗ ಸಿಕ್ಕುತ್ತಿದ್ದ ಚಿತ್ರದಲ್ಲಿ ಕುಹರಗಳು ಅಗಲವಾಗಿ ಕಂಡರೆ ಮಿದುಳು ಕುಗ್ಗಿದೆಯೆಂದೂ, ಕುಗ್ಗಿದ್ದರೆ ಬುದ್ಧಿಕ್ಷಯವೆಂದೂ, ಬುದ್ಧಿಕ್ಷಯವಾದರೆ ಮಾಡುವುದೇನೂ ಇಲ್ಲವೆಂದೂ ತೀರ್ಮಾನಿಸುವುದು ಸುಲಭವಾಯಿತು. ಈ ಸರಪಳಿಯ ಒಂದೊಂದು ಕೊಂಡಿಯೂ ಸಂದೇಹಾಸ್ಪದವೆಂಬುದಕ್ಕೆ ಆಗಲೇ ಆಧಾರವಿದ್ದಿತು. ಅಮೆರಿಕದ ಡೇವಿಡ್ ರಾತ್ಸ್‌ಚೈಲ್ಡ್ 1937ರಲ್ಲಿ, ಶವಪರೀಕ್ಷೆಯಲ್ಲಿ ಕಾಣುವ ಮಿದುಳಿನ ಹಾನಿಗೂ ಬದುಕಿದ್ದಾಗ ಕಂಡ ಮನೋವೈಕಲ್ಯಕ್ಕೂ ತಾಳೆ ಬೀಳುವುದಿಲ್ಲವೆಂದು ವಾದಿಸಿದ್ದನು. ಅವನ ಮಾತು ಹೆಚ್ಚು ಜನಕ್ಕೆ ರುಚಿಸಲಿಲ್ಲ.

ಇನ್ನು ವಿದ್ಯುತ್ತಿನ ಕಡೆಗೆ ತಿರುಗೋಣ. 1934ರಲ್ಲಿ ಬುಡಾಪೆಸ್ಟಿನ ಲಡಿಸ್ಲಾಸ್ ಮೆಡುನ ಎಂಬ ವೈದ್ಯ ಔಷಧಗಳಿಂದ ರೋಗಿಗಳಿಗೆ ಸೆಳವು ಬರಿಸಿ ಚಿಕಿತ್ಸೆ ನಡೆಸಿದನು. ಮೂರ್ಛೆರೋಗವೂ ಚಿತ್ತಭ್ರಂಶವೂ ಒಬ್ಬನಲ್ಲಿ ಒಟ್ಟಿಗಿರಲಾರವೆಂಬ ತಪ್ಪು ಊಹೆ ಇದಕ್ಕೆ ತಳಹದಿ. 1938ರ ಏಪ್ರಿಲಿನಲ್ಲಿ ರೋಮ್ ನಗರದ ಊಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬೀನಿ ಇದೇ ಸೆಳವನ್ನು ವಿದ್ಯುತ್ತಿನಿಂದ ಬರಿಸಿ ತೋರಿಸಿದರು. ಚೆರ್ಲೆಟ್ಟಿ ತಾರುಣ್ಯದಲ್ಲಿ ಮ್ಯೂನಿಕ್‌ಗೆ ಹೋಗಿ ಆಲ್‌ಝೈಮರನ ಬಳಿ ಮಿದುಳಿನ ಸೂಕ್ಷ್ಮರಚನೆಯನ್ನು ಕಲಿತುಬಂದವನೆಂಬುದು ಇಲ್ಲಿ ಸ್ಮರಣಾರ್ಹ. ಚಿತ್ರದ ಪರಂಪರೆಯೂ ವಿದ್ಯುತ್ತಿನ ಪರಂಪರೆಯೂ ಒಂದೇ ಪ್ರಯೋಗಶಾಲೆಯ ಬಾಗಿಲಿನಿಂದ ಹೊರಬಂದುವೆನ್ನಬಹುದು. ಚಿಕಿತ್ಸೆ ಹುಟ್ಟಿದ್ದು ತರುಣರ ಚಿತ್ತಭ್ರಂಶಕ್ಕಾಗಿ. ಕೆಲವೇ ವರ್ಷಗಳಲ್ಲಿ ಅದು ಹೆಚ್ಚು ಫಲಿಸುವುದು ತೀವ್ರ ಖಿನ್ನತೆಯಲ್ಲಿ ಎಂದು ತಿಳಿದುಬಂತು.

ಮುದುಕರಿಗೆ ಇದನ್ನು ಕೊಡಬಹುದೇ ಎಂಬ ಪ್ರಶ್ನೆ ಬೇರೆ. ಅರಿವಳಿಕೆಯಿಲ್ಲದೆ, ಸ್ನಾಯುಗಳನ್ನು ಸಡಿಲಿಸದೆ ಬರಿಸುತ್ತಿದ್ದ ಸೆಳವಿನಲ್ಲಿ ತರುಣರ ಬೆನ್ನುಮೂಳೆಗಳೇ ಮುರಿಯುತ್ತಿದ್ದಾಗ ವೃದ್ಧರ ಪಾಡೇನು? ಆದರೂ ಕೆಲವರು ಧೈರ್ಯಮಾಡಿದರು. 1933ರಲ್ಲಿ ನಾಟ್ಸಿ ಆಡಳಿತದಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದಿದ್ದ ವಿಲ್ಲಿ ಮೇಯರ್-ಗ್ರಾಸ್ 1945ರಲ್ಲಿ 60 ವರ್ಷ ಮೀರಿದ ರೋಗಿಗಳಿಗೆ ವಿದ್ಯುತ್ ಚಿಕಿತ್ಸೆ ನೀಡಿದ ಅನುಭವವನ್ನು ಪ್ರಕಟಿಸಿದನು. ಕ್ಯುರಾರೆಯನ್ನು 1940ರಿಂದ, ಅದಕ್ಕಿಂತ ಸುರಕ್ಷಿತವಾದ ಸಕ್ಸಿನಿಲ್‌ಕೋಲಿನ್ ಔಷಧವನ್ನು 1951-52ರಿಂದ ಬಳಸತೊಡಗಿದ ಮೇಲೆ ಮೂಳೆ ಮುರಿಯುವ ಭಯ ಕಡಮೆಯಾಯಿತು. ಹೀಗೆ, ವರ್ಷಗಟ್ಟಲೆ ಮೂಲೆ ಹಿಡಿದಿದ್ದ ಕೆಲವು ಮುದುಕರು ಎದ್ದು ಮನೆಗೆ ಹೋಗುವುದನ್ನು ವೈದ್ಯರು ಕಂಡರು. ಇವರ ಮಿದುಳು ಕೊಳೆತುಹೋಗಿದ್ದರೆ ಇವರು ಎದ್ದದ್ದು ಹೇಗೆ? ಚಿಕಿತ್ಸೆ ಒಂದು ಪ್ರಶ್ನೆಯನ್ನು ಹುಟ್ಟಿಸಿತು. ಅದನ್ನು ಉತ್ತರಿಸುವ ಶಕ್ತಿ ಚಿಕಿತ್ಸೆಗೂ ಇರಲಿಲ್ಲ, ಗಾಳಿಚಿತ್ರಕ್ಕೂ ಇರಲಿಲ್ಲ.

ಉತ್ತರ ಬಂದದ್ದು ದಕ್ಷಿಣ ಇಂಗ್ಲೆಂಡಿನ ಚಿಚೆಸ್ಟರಿನಲ್ಲಿರುವ ಗ್ರೇಲಿಂಗ್‌ವೆಲ್ ಆಸ್ಪತ್ರೆಯಿಂದ. ಅದು 1897ರಲ್ಲಿ ತೆರೆದ ಒಂದು ಸಾಮಾನ್ಯ ಮಾನಸಿಕ ಆಸ್ಪತ್ರೆ. ವಿಶ್ವವಿದ್ಯಾನಿಲಯವಲ್ಲ, ಹೆಸರಾಂತ ಪ್ರಯೋಗಶಾಲೆಯೂ ಅಲ್ಲ. ಬುಡಾಪೆಸ್ಟಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ಮಾರ್ಟಿನ್ ರಾತ್ ಎಂಬ ತರುಣ ವೈದ್ಯ ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದನು. ಆತನು ಕೈಕೊಂಡ ಕ್ರಮ ಇತಿಹಾಸದ ವಿದ್ಯಾರ್ಥಿಗಳಿಗೆ ಬಹು ಪರಿಚಿತವಾದುದು. 1934, 1936, 1948 ಮತ್ತು 1949ರಲ್ಲಿ ಆಸ್ಪತ್ರೆಗೆ ಸೇರಿದ 60 ವರ್ಷ ಮೀರಿದ ರೋಗಿಗಳ ಕಡತಗಳನ್ನು ತೆಗೆದು, ಸೇರಿದ ದಿನ ಕಂಡ ಲಕ್ಷಣಗಳನ್ನಷ್ಟೇ ಆಧರಿಸಿ ಅವರನ್ನು ವರ್ಗೀಕರಿಸಿದನು. ಆಮೇಲೆ ಒಬ್ಬೊಬ್ಬರೂ ಆರು ತಿಂಗಳು ಕಳೆದಾಗ ಎಲ್ಲಿದ್ದರು, ಎರಡು ವರ್ಷ ಕಳೆದಾಗ ಎಲ್ಲಿದ್ದರು ಎಂದು ಹುಡುಕಿದನು. ಮನೆಗೆ ಹೋದರೇ, ಆಸ್ಪತ್ರೆಯಲ್ಲೇ ಉಳಿದರೇ, ಸತ್ತರೇ ಎಂಬ ಮೂರೇ ಪ್ರಶ್ನೆಗಳು. ಆರಿಸಿದ ವರ್ಷಗಳನ್ನೂ ನೋಡಬೇಕು: ಮೊದಲ ಎರಡರಲ್ಲಿ ವಿದ್ಯುತ್ ಚಿಕಿತ್ಸೆ ಇನ್ನೂ ಹುಟ್ಟಿರಲಿಲ್ಲ, ಕೊನೆಯ ಎರಡರ ವೇಳೆಗೆ ಅದು ಆಸ್ಪತ್ರೆಗಳಲ್ಲಿ ನೆಲೆಯೂರಿದ್ದಿತು.

1955ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ರಾತ್ ಐದು ವರ್ಗಗಳನ್ನು ಗುರುತಿಸಿದನು. ಖಿನ್ನತೆ ಮೊದಲಾದ ಭಾವವಿಕಾರಗಳು, ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ತೋರುವ ಸಂಶಯರೋಗ, ರಕ್ತನಾಳಗಳ ದೋಷದಿಂದ ಬರುವ ಬುದ್ಧಿಕ್ಷಯ, ಮುಪ್ಪಿನ ಬುದ್ಧಿಕ್ಷಯ, ಜ್ವರಾದಿ ದೇಹರೋಗಗಳಿಂದ ದಿಢೀರನೆ ಬರುವ ಭ್ರಾಂತಿ. ಆರು ತಿಂಗಳಲ್ಲಿ ಮೊದಲ ವರ್ಗದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆಗೆ ಹಿಂತಿರುಗಿದ್ದರು. ಮುಪ್ಪಿನ ಬುದ್ಧಿಕ್ಷಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು. ಒಂದೇ ಕೊಠಡಿಯಲ್ಲಿ, ಒಂದೇ ಹೆಸರಿನ ಕೆಳಗೆ ಮಲಗಿದ್ದ ಈ ಎರಡು ಗುಂಪುಗಳ ಗತಿ ಇಷ್ಟು ಬೇರೆಯೆಂದಮೇಲೆ ರೋಗಗಳೂ ಬೇರೆಯೆಂದೇ ಹೇಳಬೇಕು. ಖಿನ್ನತೆ ಮುಂದೆ ಬುದ್ಧಿಕ್ಷಯವಾಗಿ ಬೆಳೆಯುವುದೆಂಬ ಶಂಕೆ ಉಳಿದಿದ್ದಿತಷ್ಟೆ. ಅದನ್ನು ಲಂಡನ್ನಿನ ಫೆಲಿಕ್ಸ್ ಪೋಸ್ಟ್ 1962ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವೃದ್ಧ ಖಿನ್ನರನ್ನು ವರ್ಷಗಳ ಕಾಲ ಹಿಂಬಾಲಿಸಿ ಬಹುಮಟ್ಟಿಗೆ ನಿವಾರಿಸಿದನು. ಅದಕ್ಕೆ ಒಂದು ವರ್ಷ ಮೊದಲು, 1961ರಲ್ಲಿ, ಎಲ್. ಜಿ. ಕಿಲೋ 'ಹುಸಿ ಬುದ್ಧಿಕ್ಷಯ'ದ ಮೇಲೆ ಬರೆದ ಲೇಖನ ಪ್ರಸಿದ್ಧವಾಗಿದ್ದಿತು: ಬುದ್ಧಿಯೇ ಹೋಯಿತೆನ್ನುವಂತೆ ತೋರುವ ರೋಗಿಗಳಲ್ಲಿ ಕೆಲವರು ನಿಜವಾಗಿ ಖಿನ್ನರು, ಚಿಕಿತ್ಸೆಯಿಂದ ಗುಣವಾಗಬಲ್ಲವರು ಎಂಬುದು ಅದರ ತಿರುಳು.

ರಾತ್ ಮುಂದೆ ನ್ಯೂಕಾಸಲ್‌ಗೆ ಹೋಗಿ, ಗ್ಯಾರಿ ಬ್ಲೆಸೆಡ್ ಮತ್ತು ಬರ್ನಾರ್ಡ್ ಟಾಮ್ಲಿನ್‌ಸನ್ ಇವರೊಡನೆ ಸೇರಿ, ಬದುಕಿದ್ದಾಗ ಅಳೆದ ಬುದ್ಧಿಕ್ಷಯದ ಪ್ರಮಾಣವನ್ನು ಸತ್ತಮೇಲೆ ಮಿದುಳಿನಲ್ಲಿ ಎಣಿಸಿದ ಕಲೆಗಳ ಸಂಖ್ಯೆಯೊಡನೆ ಹೋಲಿಸಿದನು. 1968ರಲ್ಲಿ ಪ್ರಕಟವಾದ ಈ ಕೆಲಸದಿಂದ ಮುಪ್ಪಿನ ಬುದ್ಧಿಕ್ಷಯ ಬಹುಮಟ್ಟಿಗೆ ಆಲ್‌ಝೈಮರ್ ರೋಗವೇ ಎಂಬ ಅಭಿಪ್ರಾಯ ಬಲವಾಯಿತು. ಖಿನ್ನರನ್ನು ಮೊದಲು ಬೇರ್ಪಡಿಸದಿದ್ದರೆ ಈ ಎಣಿಕೆಗೆ ಅರ್ಥವೇ ಇರುತ್ತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ರಾತ್ಸ್‌ಚೈಲ್ಡ್ ಕಂಡ ಹೊಂದಾಣಿಕೆಯಿಲ್ಲದ ಸ್ಥಿತಿಗೆ ನಾನಾ ರೋಗಿಗಳನ್ನು ಒಂದೇ ಹೆಸರಿನಲ್ಲಿ ಕಲಸಿದ್ದುದೂ ಒಂದು ಕಾರಣವಾಗಿದ್ದಿರಬಹುದು.

ಹೀಗೆ ಪ್ರಶ್ನೆ ಖಚಿತವಾದ ಮೇಲೆ ಒಳ್ಳೆಯ ಯಂತ್ರಗಳು ಬಂದುವು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಅಟ್ಕಿನ್‌ಸನ್ ಮಾರ್ಲೀಸ್ ಆಸ್ಪತ್ರೆಯಲ್ಲಿ, ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯ ಇಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರಚಿಸಿದ ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಸಿ.ಟಿ. ಚಿತ್ರ ತೆಗೆಯಲಾಯಿತು. ಸೂಜಿಯಿಲ್ಲ, ಗಾಳಿಯಿಲ್ಲ, ನೋವಿಲ್ಲ. 80ಕ್ಕೆ 80 ಚೌಕಗಳ ಒರಟು ಚಿತ್ರವಾದರೂ ಅದು ಮಿದುಳಿನದೇ ಚಿತ್ರ. ಮುದುಕರನ್ನೂ ನಿಶ್ಚಿಂತೆಯಿಂದ ಪರೀಕ್ಷಿಸುವಂತಾಯಿತು. ಅದರೊಡನೆ ಹಳೆಯ ಸರಪಳಿಯೂ ಮರಳಿತು: ಕುಗ್ಗಿದ ಮಿದುಳು, ಆದುದರಿಂದ ಬುದ್ಧಿಕ್ಷಯ.

ಇದನ್ನು ತಡೆದದ್ದೂ ದಾಖಲೆಗಳೇ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 65 ವರ್ಷಕ್ಕೆ ಮೊದಲೇ ಬುದ್ಧಿಕ್ಷಯವಾಗಿದೆಯೆಂದು ನಿರ್ಣಯಿಸಿ ಕಳುಹಿಸಿದ್ದ 52 ಮಂದಿಯನ್ನು ಹಲವು ವರ್ಷಗಳ ಬಳಿಕ ಹುಡುಕಿ ನೋಡಿದಾಗ, ಸುಮಾರು ಮೂರನೆಯ ಒಂದು ಪಾಲಿನವರ ವಿಷಯದಲ್ಲಿ ಆ ನಿರ್ಣಯವನ್ನು ಕೈಬಿಡಬೇಕಾಯಿತೆಂದು 1979ರಲ್ಲಿ ವರದಿಯಾಯಿತು. ಮರುವರ್ಷ ರಾಬಿನ್ ಜಾಕೋಬಿ ಮತ್ತು ರೇಮಂಡ್ ಲೀವಿ ಆರೋಗ್ಯವಂತ ವೃದ್ಧರು, ಬುದ್ಧಿಕ್ಷಯದವರು, ಭಾವವಿಕಾರದವರು ಈ ಮೂರು ಗುಂಪುಗಳ ಸಿ.ಟಿ. ಚಿತ್ರಗಳನ್ನು ಹೋಲಿಸಿದರು. ಒಟ್ಟು ಗುಂಪುಗಳ ನಡುವೆ ವ್ಯತ್ಯಾಸ ಕಂಡಿತು. ಆದರೆ ಬಿಡಿ ವ್ಯಕ್ತಿಗಳ ಚಿತ್ರಗಳು ಒಂದರ ಮೇಲೊಂದು ಬೀಳುತ್ತಿದ್ದುವು. ಚೆನ್ನಾಗಿರುವ ಮುದುಕನ ಮಿದುಳು ಕುಗ್ಗಿರಬಹುದು. ಬುದ್ಧಿಗೆಟ್ಟವನ ಮಿದುಳು ಹಾಗೆ ಕಾಣದಿರಬಹುದು. ಜೊತೆಗೆ ಇನ್ನೊಂದು ಸಂಗತಿ ಹೊರಬಿತ್ತು. ಖಿನ್ನರಲ್ಲಿ ಕೆಲವರಿಗೆ, ಮುಖ್ಯವಾಗಿ ಇಳಿವಯಸ್ಸಿನಲ್ಲಿ ರೋಗ ಮೊದಲಾದವರಿಗೆ, ಕುಹರಗಳು ದೊಡ್ಡವಾಗಿದ್ದುವು. ಅವರನ್ನು ಹಿಂಬಾಲಿಸಿದಾಗ ಮರಣಪ್ರಮಾಣವೂ ಹೆಚ್ಚೆಂದು ತಿಳಿಯಿತು. ರಾತ್ ಎಳೆದ ಗೆರೆ ಅಲ್ಲಿಗೆ ಅಳಿಸಿಹೋಗಲಿಲ್ಲ. ಆದರೆ ನೇರ ಗೆರೆಯಾಗಿ ಉಳಿಯಲೂ ಇಲ್ಲ.

1980ರ ದಶಕದಲ್ಲಿ ಎಂ.ಆರ್.ಐ. ಯಂತ್ರ ಬಂದಮೇಲೆ ಚಿತ್ರವೂ ವಿದ್ಯುತ್ತೂ ಒಂದೇ ರೋಗಿಯಲ್ಲಿ ಸಂಧಿಸಿದುವು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಕಾಫಿ ಮತ್ತು ಸಂಗಡಿಗರು ವಿದ್ಯುತ್ ಚಿಕಿತ್ಸೆಗಾಗಿ ಬಂದ ವೃದ್ಧ ಖಿನ್ನರ ಮಿದುಳಿನ ಶ್ವೇತಭಾಗದಲ್ಲಿ ಬಿಳಿಯ ಮಚ್ಚೆಗಳು ಸಾಮಾನ್ಯವೆಂದು 1988ರಲ್ಲಿ ತಿಳಿಸಿದರು. ಇವು ಸಣ್ಣ ರಕ್ತನಾಳಗಳ ದೋಷದ ಗುರುತುಗಳೆಂದು ತಜ್ಞರ ಅಭಿಪ್ರಾಯ. 1997ರಲ್ಲಿ ಜಾರ್ಜ್ ಅಲೆಕ್ಸೊಪೌಲಸ್ ಮತ್ತಿತರರು ಮಂಡಿಸಿದ 'ರಕ್ತನಾಳಮೂಲ ಖಿನ್ನತೆ'ಯ ವಾದಕ್ಕೆ ಇವೇ ಆಧಾರ. ವಿದ್ಯುತ್ತಿನಿಂದ ಮಿದುಳು ಸುಟ್ಟುಹೋಗುವುದೆಂಬ ಲೋಕಾಪವಾದದ ಪರೀಕ್ಷೆಯೂ ಈ ಯಂತ್ರದಿಂದಲೇ ನಡೆಯಿತು. ಕಾಫಿ ಮತ್ತು ಸಂಗಡಿಗರು 35 ರೋಗಿಗಳ ಚಿತ್ರಗಳನ್ನು ಚಿಕಿತ್ಸೆಗೆ ಮೊದಲು, ಮುಗಿದ ಕೂಡಲೆ, ಆರು ತಿಂಗಳ ನಂತರ ತೆಗೆದು ಹೋಲಿಸಿ, ಚಿಕಿತ್ಸೆಯಿಂದ ರಚನೆಯಲ್ಲಿ ಬದಲಾವಣೆ ಕಾಣಲಿಲ್ಲವೆಂದು 1991ರಲ್ಲಿ ಪ್ರಕಟಿಸಿದರು. ಆದರೂ ಚಿಕಿತ್ಸೆ ನಿರಪಾಯವೆಂದು ಇದರಿಂದ ಹೇಳುವಂತಿಲ್ಲ. ಚಿಕಿತ್ಸೆಯ ಸುತ್ತಿನ ದಿನಗಳ ನೆನಪು ಅಳಿಸಿಹೋಗುವುದನ್ನು ರೋಗಿಗಳು ಮೊದಲಿನಿಂದಲೂ ದೂರುತ್ತ ಬಂದಿದ್ದಾರೆ. ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯ ಭಾಗದಲ್ಲಿ ಮಚ್ಚೆಗಳಿರುವ ವೃದ್ಧರಿಗೆ ಚಿಕಿತ್ಸೆಯ ನಂತರ ದೀರ್ಘವಾದ ಭ್ರಾಂತಿ ಬರುವುದನ್ನು ಅದೇ ಡ್ಯೂಕ್ ತಂಡದವರು 1990ರಲ್ಲಿ ತೋರಿಸಿದ್ದರು. ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಅಂಕೆಯಲ್ಲಿಡಲು ಈ ಚಿಕಿತ್ಸೆಯನ್ನು ಬಳಸಿದುದೂ ಉಂಟು. ಜನರ ಭಯಕ್ಕೆ ಸಿನಿಮಾ ಒಂದೇ ಕಾರಣವೆಂದು ಹೇಳುವ ವೈದ್ಯರು ಈ ಭಾಗವನ್ನು ಓದದೆ ದಾಟಿಬಿಡುತ್ತಾರೆ.

ಸೆಳವಿಲ್ಲದೆಯೇ ಮಿದುಳನ್ನು ಉದ್ದೀಪಿಸುವ ಮಾರ್ಗ 1985ರಲ್ಲಿ ತೆರೆಯಿತು. ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಂತಿಯ ಸುರುಳಿಯನ್ನು ಹಿಡಿದು, ಕ್ಷಣಮಾತ್ರದ ಕಾಂತಕ್ಷೇತ್ರದಿಂದ ಮಿದುಳನ್ನು ಪ್ರಚೋದಿಸಿ ಕೈಬೆರಳುಗಳನ್ನು ಕದಲಿಸಿದರು. 1990ರ ದಶಕದಲ್ಲಿ ಇದನ್ನು ಖಿನ್ನತೆಗೆ ಪ್ರಯೋಗಿಸಿದರು. 2008ರಲ್ಲಿ ಅಮೆರಿಕ ಸರಕಾರದ ಒಪ್ಪಿಗೆ ದೊರೆಯಿತು. ಅರಿವಳಿಕೆ ಬೇಡ, ನೆನಪು ಕೆಡುವುದಿಲ್ಲ, ಆದುದರಿಂದ ವೃದ್ಧರಿಗೆ ಹೇಳಿಮಾಡಿಸಿದಂಥ ಚಿಕಿತ್ಸೆ ಎಂದು ತೋರುತ್ತದೆ. ಆದರೆ ಆ ಒಪ್ಪಿಗೆಗೆ ಆಧಾರವಾದ, 2007ರಲ್ಲಿ ಪ್ರಕಟವಾದ 301 ರೋಗಿಗಳ ಪರೀಕ್ಷೆಯಲ್ಲಿ 70 ವರ್ಷ ದಾಟಿದವರಿಗೆ ಪ್ರವೇಶವಿರಲಿಲ್ಲ. ಕಾಂತಕ್ಷೇತ್ರದ ಬಲ ದೂರ ಹೆಚ್ಚಿದಂತೆ ಬೇಗ ಕುಂದುತ್ತದೆ. ವಯಸ್ಸಿನಿಂದ ಮಿದುಳು ಕುಗ್ಗಿದಾಗ ಬುರುಡೆಗೂ ಮಿದುಳಿಗೂ ಅಂತರ ಹೆಚ್ಚುತ್ತದೆ. ಎಂ.ಆರ್.ಐ. ಚಿತ್ರದಿಂದ ಈ ಅಂತರವನ್ನು ಅಳೆದು ಸುರುಳಿಯ ಶಕ್ತಿಯನ್ನು ಹೊಂದಿಸಬಹುದು. ಒಂದು ಕಾಲಕ್ಕೆ ನಿರಾಶೆಯ ಗುರುತಾಗಿದ್ದ ಕುಗ್ಗುವಿಕೆ ಇಲ್ಲಿ ಚಿಕಿತ್ಸೆಯ ಒಂದು ಅಳತೆಯಾಗಿ ಬಳಕೆಗೆ ಬಂದಿರುವುದು ಗಮನಾರ್ಹ. ಹಳೆಯ ವಿದ್ಯುತ್ ಚಿಕಿತ್ಸೆಯೂ ಮೂಲೆಗುಂಪಾಗಲಿಲ್ಲ. 60 ವರ್ಷ ಮೀರಿದ 240 ಖಿನ್ನರಿಗೆ ಅತಿ ಕಿರಿದಾದ ವಿದ್ಯುತ್ ಸ್ಪಂದನಗಳನ್ನು, ಜೊತೆಗೆ ಔಷಧವನ್ನು, ಕೊಟ್ಟು ನೋಡಿದಾಗ ಶೇಕಡ 62ರಷ್ಟು ಮಂದಿಯಲ್ಲಿ ರೋಗಲಕ್ಷಣಗಳು ಅಡಗಿದುವೆಂದು ಅಮೆರಿಕದ ಅಧ್ಯಯನವೊಂದು 2016ರಲ್ಲಿ ವರದಿಮಾಡಿತು.

ಚಿತ್ರದ ಇತಿಹಾಸದಲ್ಲಿ ಕೊನೆಯ ದೊಡ್ಡ ಘಟ್ಟ 2004ರದು. ಆಲ್‌ಝೈಮರ್ ಸೂಕ್ಷ್ಮದರ್ಶಕದಲ್ಲಿ ಕಂಡ ಕಲೆಗಳನ್ನು ಬದುಕಿರುವವರಲ್ಲಿಯೇ ತೋರಿಸುವ ಪೆಟ್ ಚಿತ್ರಗಳನ್ನು ಪಿಟ್ಸ್‌ಬರ್ಗ್ ಮತ್ತು ಉಪ್ಸಾಲದ ವಿಜ್ಞಾನಿಗಳು ಆ ವರ್ಷ ಪ್ರಕಟಿಸಿದರು. ಬಯಸಿದುದು ಕೈಗೆ ಬಂದಂತಾಯಿತು. ಅಷ್ಟರಲ್ಲೇ, ಬುದ್ಧಿ ಚುರುಕಾಗಿರುವ ವೃದ್ಧರಲ್ಲಿಯೂ ಗಣನೀಯ ಸಂಖ್ಯೆಯವರಿಗೆ ಈ ಕಲೆಗಳಿರುವುದು ಬೆಳಕಿಗೆ ಬಂದು, ಇವರಲ್ಲಿ ಯಾರು ಮುಂದೆ ರೋಗಿಗಳಾಗುವರು, ಯಾರು ಆಗರು ಎಂದು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸ ಮತ್ತೆ ಆರಂಭವಾಯಿತು.

ನಮ್ಮ ನಾಡಿಗೆ ಸಂಬಂಧಿಸಿದ ಕೆಲವು ಮಾತುಗಳು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷವಾಗಿದ್ದುದರಿಂದ ವೃದ್ಧರ ಮನೋರೋಗ ಇಲ್ಲಿ ಪ್ರತ್ಯೇಕ ಸಮಸ್ಯೆಯಾಗಿ ತೋರದಿದ್ದುದರಲ್ಲಿ ಆಶ್ಚರ್ಯವಿಲ್ಲ. 2011ರ ಜನಗಣತಿಯ ವೇಳೆಗೆ 60 ಮೀರಿದವರು 10 ಕೋಟಿಗಿಂತ ಹೆಚ್ಚಿದ್ದರು. ಅರಿವಳಿಕೆಯನ್ನೂ ಸ್ನಾಯು ಸಡಿಲಿಸುವ ಔಷಧವನ್ನೂ ಕೊಡದೆ ವಿದ್ಯುತ್ ಚಿಕಿತ್ಸೆ ನಡೆಸುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾನೂನು ನಿಷೇಧಿಸಿತು. ಸಕ್ಸಿನಿಲ್‌ಕೋಲಿನ್ ಬಳಕೆಗೆ ಬಂದು ಆಗ 65 ವರ್ಷಗಳೇ ಕಳೆದಿದ್ದುವು.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಲ್ಲಿ ಒಂದು ಅಧ್ಯಯನವನ್ನು ಕೈಗೊಂಡಿತು. 45 ವರ್ಷ ಮೀರಿದ 10,000 ಮಂದಿಯನ್ನು ಸೇರಿಸಿಕೊಳ್ಳುವುದು ಅದರ ಗುರಿ. ರಕ್ತಪರೀಕ್ಷೆ, ನೆನಪಿನ ಪರೀಕ್ಷೆ, ಮಿದುಳಿನ ಎಂ.ಆರ್.ಐ. ಚಿತ್ರ ಇವು ಅದರ ಅಂಗಗಳು. ಯೂರೋಪು ಅಮೆರಿಕಗಳ ನಗರವಾಸಿಗಳ ಚಿತ್ರಗಳನ್ನೇ ಮಾದರಿಯಾಗಿಟ್ಟುಕೊಂಡು ಮಾವಿನ ತೋಪಿನಲ್ಲಿ ದುಡಿದ, ಶಾಲೆಯ ಮೆಟ್ಟಿಲು ಹತ್ತದ ರೈತನ ಮಿದುಳನ್ನು ಕುಗ್ಗಿದೆಯೆಂದೋ ಸರಿಯಾಗಿದೆಯೆಂದೋ ಹೇಳುವುದು ಕಷ್ಟವಾದುದರಿಂದ ಇಂಥ ಅಧ್ಯಯನ ಅವಶ್ಯಕವಾಗಿದ್ದಿತು. ಒಮ್ಮೆ ಪರೀಕ್ಷಿಸಿದವರನ್ನು ಕೆಲವು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸಬೇಕೆಂಬುದು ಅದರ ಯೋಜನೆಯಲ್ಲಿಯೇ ಸೇರಿದೆ.